ಅಡ್ಡಗೋಡೆಯಾಚೆಯ ಕೊಡತಿ

ಅದು ಕೊಡತಿಯ ಸದ್ದೇ ಆಗಿತ್ತೆ? ಕಿತ್ತುಬಂದ ಕಬ್ಬಿಣದ ಹಲಗೆ ಅಲೆಗೆ ಬಡಿದುಕೊಂಡರೂ ಹಾಗೇ ಕೇಳಿಸಬಹುದಲ್ಲ. ಅಲೆ ಅಷ್ಟು ಲೆಕ್ಕವಾಗಿ ಬಂದು ಬಡಿಯುವುದಿಲ್ಲ, ನಿಜ. ಆದರೆ ಹಡಗು ಓಡುತ್ತಿತ್ತು, ಯಂತ್ರ ಒಂದೇ ಲಯದಲ್ಲಿ ತಿರುಗುತ್ತಿತ್ತು, ಕಬ್ಬಿಣವೂ ಆ ಲಯಕ್ಕೆ ಸಿಕ್ಕಿಕೊಂಡಿದ್ದರೆ? ಕಬ್ಬಿಣಕ್ಕೆ ಅಂಥ ಇಂಪಾದ ದನಿ ಎಲ್ಲಿಂದ ಬರಬೇಕು ಎಂದು ಮನಸ್ಸಿನೊಳಗಿನಿಂದ ಇನ್ನೊಬ್ಬ ಕೇಳುತ್ತಿದ್ದ. ಅವನಿಗೆ ಉತ್ತರ ಕೊಡದೆ ವೀದೊ ದಪಾಸ್ ಪೋಲಾದ ಹಡಗುಕಟ್ಟೆಯ ಕಲ್ಲಿನ ಮೇಲೆ ಕೂತು ಪಂಪಿನ ಕೊಳವೆಯಿಂದ ಸುರಿಯುತ್ತಿದ್ದ ನೀರನ್ನು ನೋಡುತ್ತಿದ್ದ.

ನೀರು ಕಂದುಬಣ್ಣಕ್ಕಿತ್ತು. ಅದು 'ಲಿಂಡ್‌ವುರ್ಮ್' ಹಡಗಿನ ಮೂತಿಯ ಕೋಣೆಯೊಳಗಿಂದ ಬರುತ್ತಿದ್ದ ನೀರು. ಲಿಸ್ಸಾ ದ್ವೀಪದ ಬಳಿಯ ಕಾಳಗದಲ್ಲಿ ಆ ಮೂತಿಯಿಂದ ಇಟಲಿಯವರ ಒಂದು ಹಡಗನ್ನು ಗುದ್ದಿದ್ದರು. ಗುದ್ದು ಸರಿಯಾಗಿ ಕೂರಲಿಲ್ಲ. ಎದುರಿನ ಹಡಗಿನ ಮಗ್ಗುಲನ್ನು ತರಚಿಕೊಂಡು ಹೋಯಿತು, ಅಷ್ಟೆ. ಅವರ ಹಡಗು ಹೊಗೆಯೊಳಗೆ ಮರೆಯಾಯಿತು. ಇವರ ಮೂತಿಯ ಕಬ್ಬಿಣ ಸಡಿಲಗೊಂಡು, ಅದರ ಹಿಂದಿನ ಮರದ ಸಂದುಗಳು ಬಾಯಿಬಿಟ್ಟು, ಮುಂದಿನ ಕೋಣೆ ಪೂರ್ತಿ ಸಮುದ್ರವಾಯಿತು. ಅಡ್ಡಗೋಡೆಯ ಬಾಗಿಲು ಹಾಕಿದ್ದರಿಂದ ಹಡಗು ಉಳಿಯಿತು. ಆ ಬಾಗಿಲು ಹಾಕಿದವನು ವೀದೊ.

ಅಂದಿನ ಸಂಜೆ ಹಾಜರಿ ಕರೆದಾಗ ಬೋರ್ತೊಲೊ ಸ್ಪೋಂಜಾ ಎಂಬ ಹೆಸರಿಗೆ ಯಾರೂ ಓಗೊಡಲಿಲ್ಲ. ಗುದ್ದಿದಾಗ ಮೇಲಿನಿಂದ ನೀರಿಗೆ ಎಗರಿ ಬಿದ್ದಿರಬೇಕು ಎಂದರು. ಹಾಗೆ ಬಿದ್ದವರು ಬೇರೆಯವರೂ ಇದ್ದರು. ವೀದೊ ಆ ಮಾತನ್ನು ಎರಡೂ ಕೈಯಿಂದ ಹಿಡಿದುಕೊಂಡ. ಪೋಲಾಕ್ಕೆ ಬರುವವರೆಗೂ ಬಿಡಲಿಲ್ಲ. ಆ ಬೋರ್ತೊಲೊ, ತನ್ನ ಹೆಂಡತಿಯ ತಂದೆ, ಸಮುದ್ರಕ್ಕೆ ಬಿದ್ದೇ ಸತ್ತಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ.

*

ಬೋರ್ತೊಲೊ ರೊವಿನ್ಯೊದವನು. ಹಡಗಿನ ಹಲಗೆಗಳ ಸಂದಿಗೆ ಡಾಂಬರು ಸವರಿದ ನಾರು ತುಂಬಿ, ಮೊಂಡು ಉಳಿ ಇಟ್ಟು, ಮರದ ಕೊಡತಿಯಿಂದ ಬಡಿದು, ನೀರು ಬರದ ಹಾಗೆ ಬಿಗಿಯುವುದು ಅವನ ಕೆಲಸ. ಅವನ ಅಪ್ಪನದೂ ಅದೇ. ಆ ಕೆಲಸದವರ ಕೊಡತಿಯ ತಲೆಯಲ್ಲಿ ಉದ್ದಕ್ಕೆ ಸೀಳು ಇರುತ್ತದೆ. ಆ ಸೀಳಿನಿಂದ ಏಟು ಮೊಂಡಾಗಿ ಬೀಳದೆ ಹಾಡುತ್ತದೆ. ಒಬ್ಬೊಬ್ಬರೂ ತಮ್ಮ ಕೊಡತಿಯನ್ನು ತಾವೇ ಸೀಳಿಕೊಳ್ಳುವುದರಿಂದ ಒಂದರ ದನಿ ಇನ್ನೊಂದಕ್ಕಿರುವುದಿಲ್ಲ. ರೊವಿನ್ಯೊದ ಹೆಂಗಸರು ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತೇ, ತಮ್ಮ ಗಂಡ ಕೆಲಸದಲ್ಲಿದ್ದಾನೋ ಹೆಂಡದಂಗಡಿಗೆ ನುಗ್ಗಿದ್ದಾನೋ ಹೇಳಬಲ್ಲರು. ಬೋರ್ತೊಲೊನ ಕೊಡತಿಗೆ ಗಂಟಲು ಕಟ್ಟಿದ ಗಂಟೆಯ ದನಿ ಇತ್ತು. ಅವನ ಮಗಳು ಫೇಮಿಯಾ ಆ ದನಿ ಕೇಳಿ ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಇಡುತ್ತಿದ್ದಳು.

ಇನ್ನೊಂದು ಪದ್ಧತಿಯೂ ಇತ್ತು. ಒಬ್ಬ ತನ್ನ ಪಾಲಿನ ಸಂದು ಮುಗಿಸಿದ ಮೇಲೆ ಹಲಗೆಗೆ ಬರಿದೇ ಎರಡು ಏಟು ಹಾಕಬೇಕು. ನನ್ನದಾಯಿತು, ಇಲ್ಲಿಂದ ನೀನು ತಗೊ ಎಂದರ್ಥ. ಹಡಗಿನ ಆ ಮಗ್ಗುಲಲ್ಲಿರುವವನು ಮರಳಿ ಎರಡು ಏಟು ಹಾಕಬೇಕು. ಅದು ಕೇಳುವ ತನಕ ಮೊದಲಿನವನು ಜಾಗ ಬಿಟ್ಟು ಏಳುವ ಹಾಗಿಲ್ಲ. ನಡುವೆ ಮೊಳದುದ್ದ ಸಂದು ಯಾರ ಪಾಲಿಗೂ ಸೇರದೆ ಉಳಿದುಬಿಟ್ಟರೆ ಹಡಗು ಹೋಯಿತು. ಮದುವೆಗೆ ಮುಂಚೆ ಒಂದು ಚಳಿಗಾಲ ವೀದೊ ಮಾವನ ಆ ಮಗ್ಗುಲಲ್ಲಿ ಕೂತು ನಾರು ತುಂಬಿದವನೇ. ಕೈ ಕೂಡಿಬರಲಿಲ್ಲ. ಕಬ್ಬಿಣದ ಕೆಲಸಕ್ಕೆ ಹೋದ.

ಆ ಬೇಸಿಗೆ ಇಟಲಿಯವರೊಡನೆ ಯುದ್ಧ ಬಂದಾಗ, ಆ ಕರಾವಳಿಯನ್ನಾಳುತ್ತಿದ್ದ ಚಕ್ರವರ್ತಿಯ ಕಬ್ಬಿಣದ ಹಡಗುಗಳು ಇನ್ನೂ ಅರೆಬರೆಯಾಗಿದ್ದವು. ಮರದ ಮೈಗೆ ಅಂಗೈ ಅಗಲದಷ್ಟು ದಪ್ಪದ ಕಬ್ಬಿಣ ಹೊದಿಸಿದ ಹಡಗುಗಳು ಅವು. ಒಳಗಿನ ಮರಕ್ಕಾಗಿ ಕರಾವಳಿಯುದ್ದಕ್ಕೂ ಹಳೇ ಕೆಲಸಗಾರರನ್ನು ಹುಡುಕಿ ಕರೆತಂದರು. ಬೋರ್ತೊಲೊ ಫಸಾನಾದ ರೇವಿನಲ್ಲಿ 'ಲಿಂಡ್‌ವುರ್ಮ್' ಹತ್ತಿದ. ಹೆಗಲ ಮೇಲೆ ಸಾಮಾನಿನ ಪೆಟ್ಟಿಗೆ, ತಲೆಯ ಮೇಲೆ ಕರಿ ಉಣ್ಣೆಯ ಟೋಪಿ.

"ಏನ್ ಅಳಿಯಂದ್ರೇ," ಎಂದ, "ನಿಮ್ಮ ಕಡಾಯಿ ಇನ್ನೂ ಮುಳುಗಿಲ್ವೋ?"

"ಮುಳುಗಿದ್ರೆ ನೀವು ಯಾವುದನ್ನ ಹತ್ತುತಿದ್ರಿ ಮಾವ?"

"ಯಾವುದನ್ನೂ ಇಲ್ಲ. ಮನೇಲಿ ಕೂತ್ಕೊಂಡು ಸಾರ್ಡೀನು ಸುಟ್ಕೊಂಡು ತಿಂತಿದ್ದೆ."

ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಬಡಗಿ ಮೆನೆಗೊ ನಕ್ಕ. "ಬಾರ್ಬ, ಇಷ್ಟು ಕಬ್ಬಿಣ ತೇಲತ್ತೆ ಅಂತ ನಂಬಿಕೆ ಇದೆಯಾ ನಿಮಗೆ?" ಇಸ್ತ್ರಿಯಾದಲ್ಲಿ ವಯಸ್ಸಾದವರನ್ನೆಲ್ಲ ಬಾರ್ಬ ಎಂದೇ ಕರೆಯುವುದು.

"ಯಾಕಿಲ್ಲ? ಕಲ್ಲಿನ ಶವಪೆಟ್ಟಿಗೇನೇ ತೇಲಿಕೊಂಡು ನಮ್ಮೂರಿಗೆ ಬಂದಿಲ್ವೇನೋ? ಆದ್ರೆ ಅದರೊಳಗೆ ನಮ್ಮೂರು ಕಾಯೋ ಸಂತ ತಾಯಿ ಯುಫೇಮಿಯಾ ಇದ್ಲು. ಇದರೊಳಗೆ ಯಾರಿದ್ದೀರಿ? ನೀನು, ನನ್ನ ಅಳಿಯ. ಇಬ್ಬರಲ್ಲಿ ಒಬ್ಬನಾದ್ರೂ ಬೆಳಿಗ್ಗೆ ಮುಖ ತೊಳೆದಿದ್ದೀರಾ?"

ಸುತ್ತ ಇದ್ದವರೆಲ್ಲ ನಕ್ಕರು. ಮುದುಕ ನಗದೆ ಹಡಗಿನ ಕಬ್ಬಿಣದ ಮೈಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಅದೇನೂ ಹೇಳಲಿಲ್ಲ. ಅವನ ಮುಖದಲ್ಲಿ ಮೂಗನ ಮನೆಗೆ ಮಾತಾಡಲು ಹೋದವನ ಪೆಚ್ಚು ಕಂಡಿತು.

"ಹೆಣಕ್ಕೆ ಕೋಟು ತೊಡಿಸಿದ ಹಾಗೆ ಮಾಡಿಟ್ಟಿದ್ದೀರಿ," ಎಂದ. "ಸಂದು ಬಿಟ್ಟರೆ ಹೊರಗಿಂದ ಕೈ ಹಾಕೋ ಹಾಗೇ ಇಲ್ಲ. ಒಳಗಿಂದಲೇ ಬಡೀಬೇಕು."

"ಬಡಿಯೋದೇ ಬೇಡ ಮಾವ. ಗುದ್ದೋದಕ್ಕೆ ಮುಂಚೆ ಗಂಟೆ ಹೊಡೀತಾರೆ. ಮೂತಿ ಕೋಣೆಯಿಂದ ಎಲ್ಲರೂ ಹೊರಗೆ ಬರಬೇಕು. ನಾನು ಬಾಗಿಲು ಹಾಕಿ ತಿರುಪು ಬಿಗೀತೀನಿ. ನೀರು ಬಂದ್ರೆ ಆ ಒಂದು ಕೋಣೆಗೆ ಬರತ್ತೆ."

"ಆಮೇಲೆ?"

"ಆಮೇಲೇನು? ಆ ಕೋಣೆ ಹೋಗತ್ತೆ, ಹಡಗು ಉಳಿಯತ್ತೆ."

ಮುದುಕ ಅವನನ್ನೇ ನೋಡಿದ. "ಹಡಗಿಗೆ ಎಲ್ಲಿ ಪೆಟ್ಟಾಗತ್ತೋ ಅಲ್ಲಿರಬೇಕು ಸಂದು ಬಿಗಿಯೋನು. ನನ್ನಪ್ಪ ಹಾಗೇ ಇದ್ದ, ನಾನೂ ಹಾಗೇ ಇದ್ದೀನಿ. ಬಾಗಿಲು ಹಾಕ್ಕೊಂಡು ಹೊರಗೆ ಕೂರೋದು ಯಾವ ಸೀಮೆ ಕೆಲಸ?"

"ಇಲ್ಲಿ ಹಾಗಲ್ಲ ಮಾವ. ಕಟ್ಟಪ್ಪಣೆ ಆಗಿದೆ."

"ಅಪ್ಪಣೆ ಯಾರದು?"

"ಲೆಫ್ಟಿನೆಂಟ್ ರೆಶಾವರ್ ಅವರದು."

"ಅವರ ಊರಲ್ಲಿ ಸಮುದ್ರ ಇದೆಯಂತೋ?"

ಈ ಮಾತುಕತೆ ವೀದೊನಿಗೆ ಆಮೇಲೆ ಪದೇ ಪದೇ ನೆನಪಾಗುತ್ತಿತ್ತು. ಮುದುಕ ಏನು ಮಾಡುತ್ತಾನೆಂದು ಅವನೇ ಬಾಯಿಬಿಟ್ಟು ಹೇಳಿದ್ದ. ಅದನ್ನು ಕೇಳಿಸಿಕೊಂಡವನು ತಾನು. ಹೊರಡುವ ಮುಂಚೆ ಫೇಮಿಯಾ ಬಾಗಿಲಲ್ಲಿ ನಿಂತು, "ಅಪ್ಪನ ಮೇಲೊಂದು ಕಣ್ಣಿಡು ವೀದೊ, ಅವರಿಗೆ ಇನ್ನೊಬ್ಬರ ಮಾತು ಕೇಳಿ ಗೊತ್ತಿಲ್ಲ," ಎಂದಿದ್ದಳು. ಇಡುತ್ತೇನೆ ಎಂದಿದ್ದ.

*

ಕಾಳಗದ ಬೆಳಿಗ್ಗೆ ಮಳೆ ಬಿದ್ದು ನಿಂತಿತ್ತು. ವೀದೊ ಅದನ್ನು ನೋಡಲಿಲ್ಲ. ಅವನ ಜಾಗ ಕೆಳಗೆ, ಅಡ್ಡಗೋಡೆಯ ಬಾಗಿಲ ಬಳಿ, ಒಂದು ಲಾಂದ್ರದ ಬೆಳಕಿನಲ್ಲಿ. ಕಬ್ಬಿಣದ ಹಡಗಿನಲ್ಲಿ ಯುದ್ಧ ಮಾಡುವವರಲ್ಲಿ ಅರ್ಧಕ್ಕರ್ಧ ಜನ ಯುದ್ಧ ನೋಡುವುದಿಲ್ಲ. ಗುಂಡು ಬಂದು ಮೈಗೆ ಬಡಿದರೆ ದೊಡ್ಡ ಗಂಟೆಯ ಹೊಟ್ಟೆಯೊಳಗೆ ಕೂತ ಹಾಗೆ ಹಲ್ಲು ಅದುರುತ್ತದೆ. ಯಾರು ಹೊಡೆದರು, ಯಾರು ಗೆಲ್ಲುತ್ತಿದ್ದಾರೆ, ಒಂದೂ ತಿಳಿಯುವುದಿಲ್ಲ.

ಗುದ್ದುವ ಗಂಟೆ ಹೊಡೆಯಿತು. ಮೂತಿಯ ಕೋಣೆಯಿಂದ ಇಬ್ಬರು ಓಡಿ ಬಂದು ಇವನನ್ನು ದಾಟಿ ಹೋದರು. ಮಾವ ಎಲ್ಲಿದ್ದಾನೆಂದು ವೀದೊ ಅವರನ್ನು ಕೇಳಲಿಲ್ಲ. ಬಾಗಿಲೊಳಗೆ ತಲೆ ಹಾಕಿ, "ಯಾರಾದ್ರೂ ಇದ್ದೀರಾ? ಹೊರಗೆ ಬನ್ನಿ!" ಎಂದು ಕೂಗಿದ. ಒಳಗೆ ಕತ್ತಲೆ. ಆ ಕೊನೆಯಲ್ಲಿ ಲಂಗರಿನ ಸರಪಳಿ ಗುಡ್ಡೆಯಾಗಿ ಬಿದ್ದಿತ್ತು. ಅದರ ಹಿಂದೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರುವಷ್ಟು ಜಾಗ ಇತ್ತು. ಲಾಂದ್ರ ಹಿಡಿದುಕೊಂಡು ಅಲ್ಲಿಯವರೆಗೂ ಹೋಗಿ ನೋಡಬೇಕಾದದ್ದು ಅವನ ಕೆಲಸ. ಗಂಟೆ ಬಿಡದೆ ಹೊಡೆಯುತ್ತಿತ್ತು. ಒಳಗೆ ಹೋದಾಗಲೇ ಗುದ್ದಿಬಿಟ್ಟರೆ ಎಂಬ ಭಯ ಬೆನ್ನು ಹತ್ತಿತು. ಅವನು ಬಾಗಿಲು ಎಳೆದು ತಿರುಪು ಬಿಗಿದ.

ಮುದುಕನಿಗೆ ಕಿವಿ ಮಂದವೇನೂ ಆಗಿರಲಿಲ್ಲ. ಕೂಗಿದ್ದು ಕೇಳಿಸಿಯೇ ಇರಬೇಕು. ಕೇಳಿಸಿಯೂ ತನ್ನ ಜಾಗದಲ್ಲೇ ಕೂತ.

ಗುದ್ದು ಬಿತ್ತು. ವೀದೊ ಹಿಂದಕ್ಕೆ ಹಾರಿ ಬಿದ್ದ. ಲಾಂದ್ರ ಉರುಳಿ ಆರಿತು. ಎದ್ದು ತಡಕಾಡಿ ಅದನ್ನು ಹಚ್ಚುವಷ್ಟರಲ್ಲಿ ಅಡ್ಡಗೋಡೆಯ ಆಚೆ ನೀರು ನುಗ್ಗುವ ಮೊರೆತ ಕೇಳಿಸಿತು. ಮೇಲಿನಿಂದ ಗೋಡೆಗುಂಟ ಇಳಿದ ಮಾತಿನ ಕೊಳವೆಯಲ್ಲಿ ಲೆಫ್ಟಿನೆಂಟ್ ರೆಶಾವರನ ದನಿ ಬಂತು. ಅವನು ಮುರುಕು ವೆನಿಸ್ ಮಾತಿನಲ್ಲಿ ಕೇಳಿದ:

"ಮುಂದಿನ ಬಾಗಿಲು?"

"ಹಾಕಿದೆ ಸ್ವಾಮಿ."

"ಒಳಗೆ ಯಾರಾದರೂ?"

"ಯಾರೂ ಇಲ್ಲ ಸ್ವಾಮಿ."

"ಹೋಗಿ ನೋಡಿದೆಯಾ?"

"ನೋಡಿದೆ."

ಕೊಳವೆ ಸುಮ್ಮನಾಯಿತು. ಆಮೇಲೆ ಅದು ಕೇಳಿಸಿತು. ಮೊದಲು ದೂರದಲ್ಲಿ, ತಳಮಟ್ಟದಲ್ಲಿ. ಗಂಟಲು ಕಟ್ಟಿದ ಗಂಟೆಯ ದನಿ. ಆತುರವಿಲ್ಲದ, ಸಮನಾದ ಏಟುಗಳು. ಒಂದಿಷ್ಟು ಹೊತ್ತು ಬಡಿತ, ಉಳಿ ಮುಂದಕ್ಕೆ ಸರಿಸುವಷ್ಟು ಬಿಡುವು, ಮತ್ತೆ ಬಡಿತ. ವೀದೊ ಕಿವಿಯನ್ನು ಕಬ್ಬಿಣಕ್ಕೆ ಒತ್ತಿದ. ಮೇಲೆ ತೋಪುಗಳು ಹಾರುತ್ತಿದ್ದವು. ಕಬ್ಬಿಣವೇ ಬಡಿದುಕೊಳ್ಳುತ್ತಿರಬೇಕು ಎಂದುಕೊಂಡ.

ಕೊಳವೆ ಅವನ ತಲೆಯ ಪಕ್ಕದಲ್ಲೇ ಇತ್ತು. ಬಾಯಿ ಹಚ್ಚಿ, ಸ್ವಾಮಿ, ಒಳಗೆ ಒಬ್ಬ ಇದ್ದಾನೆ ಎಂದರೆ ಆಗುತ್ತಿತ್ತು. ತೆಗೆಯಬೇಡ ಎಂದೇ ಲೆಫ್ಟಿನೆಂಟ್ ಹೇಳುತ್ತಿದ್ದನೋ ಏನೋ. ನೀರಿನ್ನೂ ಮೊಣಕಾಲಿನಷ್ಟೇ ಇದ್ದಿದ್ದರೆ, ಒಂದು ಗಳಿಗೆ ತೆಗೆದು ಎಳೆದುಕೊ ಎನ್ನುತ್ತಿದ್ದನೋ ಏನೋ. ವೀದೊ ಕೊಳವೆಗೆ ಬಾಯಿ ಹಚ್ಚಲಿಲ್ಲ. ಈಗಷ್ಟೇ ನೋಡಿದೆ ಎಂದಿದ್ದ. ನೋಡಿರಲಿಲ್ಲ. ಆ ಎರಡು ಮಾತಿನ ನಡುವೆ ಅವನು ಸಿಕ್ಕಿಕೊಂಡ. ಬಾಗಿಲು ತೆಗೆದರೆ ನೀರಿಗೆ ಮುಂಚೆ ಆ ಸುಳ್ಳು ಹೊರಗೆ ಬರುತ್ತಿತ್ತು.

ಬಡಿತ ನಿಂತಿತು. ಅಡ್ಡಗೋಡೆಯ ಮೇಲೆಯೇ, ಅವನ ಎದೆಯ ಮಟ್ಟದಲ್ಲಿ, ಬರಿದೇ ಎರಡು ಏಟು ಬಿದ್ದವು.

ತಿರುಪು ಬಿಗಿಯುವ ಕಬ್ಬಿಣದ ಹಿಡಿ ವೀದೊನ ಕೈಯಲ್ಲೇ ಇತ್ತು. ಅವನು ಅದನ್ನು ಎದೆಗೆ ಅವಚಿಕೊಂಡು ನಿಂತ, ಎಲ್ಲಿ ತಗುಲಿ ಸದ್ದಾಗುತ್ತದೋ ಎಂಬಂತೆ. ಮತ್ತೆ ಎರಡು ಏಟು. ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಕೊಡತಿ ತನ್ನ ಕೆಲಸಕ್ಕೆ ಮರಳಿತು. ಈ ಸಲ ಸದ್ದು ಇನ್ನೂ ಮೇಲಿನ ಸಂದಿನಿಂದ ಬರುತ್ತಿತ್ತು. ಅಷ್ಟರಲ್ಲಿ ಹಡಗಿನ ತುಂಬ ವೆನಿಸ್ ನಾವಿಕರ ಹಳೇ ಜಯಘೋಷ ಎದ್ದಿತು, "ಸಂತ ಮಾರ್ಕನಿಗೆ ಜಯ!" ತಮ್ಮ ಕಡೆಯ ಇನ್ನೊಂದು ಹಡಗು ಇಟಲಿಯವರ ಒಂದು ಹಡಗನ್ನು ಗುದ್ದಿ ಮುಳುಗಿಸಿತ್ತಂತೆ. ಮೇಲಿಂದ ಯಾರೋ ಕೆಳಕ್ಕೆ ಕೂಗಿ ಹೇಳಿದರು, ಕೆಳಗಿನವರು ಅದಕ್ಕಿಂತ ಜೋರಾಗಿ ಕೂಗಿದರು. ವೀದೊನೂ ಕೂಗಿದ. ಗಂಟಲು ಹರಿಯುವ ಹಾಗೆ, ಯಾರೂ ಅಷ್ಟು ಕೂಗದ ಹಾಗೆ ಕೂಗಿದ. ಅವನು ಬಾಯಿ ಮುಚ್ಚಿದಾಗ ಅಡ್ಡಗೋಡೆಯ ಆಚೆ ನೀರಿನ ಸದ್ದೂ ಇರಲಿಲ್ಲ. ಕೋಣೆ ತುಂಬಿತ್ತು.

*

ಪಂಪಿನ ನೀರು ತೆಳುವಾಗಿ, ತೊಟ್ಟಿಕ್ಕಿ, ನಿಂತಿತು. ಲೆಫ್ಟಿನೆಂಟ್ ರೆಶಾವರ್ ಕಟ್ಟೆಯ ಮೇಲಿಂದ ಕೈ ಬೀಸಿದ. ವೀದೊ ಎದ್ದು ಹಡಗಿನೊಳಗೆ ಇಳಿದು ಬಾಗಿಲ ತಿರುಪುಗಳನ್ನು ಸಡಿಲಿಸಿದ. ಬಾಗಿಲು ತೆಗೆಯಲು ಮೆನೆಗೊ ಹೆಗಲು ಕೊಟ್ಟ.

ಮುದುಕ ಬಾಗಿಲ ಬಳಿ ಇರಲಿಲ್ಲ. ಎಡ ಮಗ್ಗುಲಲ್ಲಿ, ಚಾವಣಿಯ ಹತ್ತಿರ, ತೊಲೆಗೆ ತನ್ನ ಸೊಂಟದ ಬಟ್ಟೆಯಿಂದ ತನ್ನನ್ನು ಕಟ್ಟಿಕೊಂಡಿದ್ದ. ನೀರು ತನ್ನನ್ನು ಮೇಲೆತ್ತಿದಾಗ ಕೆಲಸ ಮಾಡಲು ಆಸರೆ ಬೇಕಲ್ಲ, ಅದಕ್ಕೆ. ಮೇಲಿನಿಂದ ಕೋಣೆಗೆ ಇಳಿಯುವ ಕಂಡಿಯ ಮುಚ್ಚಳ ಅಲ್ಲೇ ಪಕ್ಕದಲ್ಲಿತ್ತು. ಕಾಳಗಕ್ಕೆ ಮುಂಚೆ ಅದನ್ನೂ ಹೊರಗಿನಿಂದ ಬಿಗಿದಿದ್ದರು.

ಮೆನೆಗೊ ಲಾಂದ್ರ ಎತ್ತಿ ಹಿಡಿದ. ಬಾಯಿಬಿಟ್ಟ ಸಂದುಗಳಲ್ಲಿ ತಳದಿಂದ ಮೇಲಿನವರೆಗೆ ನಾರು ತುಂಬಿತ್ತು. ತಳದ ಸಂದು ನಾಜೂಕಾಗಿ, ಮದುವೆಮನೆಗೆ ಹೆಣೆದ ಜಡೆಯ ಹಾಗೆ ಕೂತಿತ್ತು. ಮೇಲೆ ಹೋಗುತ್ತ ಕೈ ತಪ್ಪಿತ್ತು. ನಾರು ಮುಗಿದ ಕಡೆ ಉಣ್ಣೆಯ ಟೋಪಿಯನ್ನು ಹರಿದು ತುರುಕಿದ್ದ. ಅದರಿಂದ ಏನೂ ಆಗಿರಲಿಲ್ಲ. ಹಲಗೆಗಳೇ ಜರುಗಿದ್ದವು, ಅವುಗಳ ನಡುವೆ ಎಷ್ಟು ತುಂಬಿದರೂ ನೀರು ಪಕ್ಕದಿಂದ ಬಂದಿತ್ತು. ಮುದುಕನಿಗೆ ಅದು ಮೊದಲ ಏಟಿಗೇ ತಿಳಿದಿರಬೇಕು.

"ದೇವರೇ," ಎಂದ ಮೆನೆಗೊ. "ಬಾರ್ಬ ಎಷ್ಟು ಹೊತ್ತು ಬದುಕಿದ್ರು ಇಲ್ಲಿ!"

ರೆಶಾವರ್ ಬಗ್ಗಿ ಒಳಗೆ ಬಂದವನು ನೆಟ್ಟಗೆ ನಿಂತು ಟೋಪಿ ತೆಗೆದ. ಅವನ ಕಣ್ಣು ಸಂದುಗಳ ಮೇಲೆ ಹತ್ತಿ ಇಳಿದು, ವೀದೊನ ಮುಖಕ್ಕೆ ಬಂದು, ಅಲ್ಲಿ ನಿಲ್ಲದೆ ಮುಂದೆ ಹೋಯಿತು.

"ನೀನು ನೋಡಿದಾಗ ಇರಲಿಲ್ಲ," ಎಂದ. "ಆಮೇಲೆ ಮೇಲಿನ ಮುಚ್ಚಳದಿಂದ ಇಳಿದಿರಬೇಕು."

ಮುಚ್ಚಳ ಹೊರಗಿನಿಂದ ಬಿಗಿದದ್ದು ಎಲ್ಲರಿಗೂ ಗೊತ್ತಿತ್ತು. ಕೇಳದೆ ಸಿಕ್ಕ ಆ ಸುಳ್ಳನ್ನು ವೀದೊ ಬೇಡ ಎನ್ನಲಿಲ್ಲ.

ಅವನೇ ಮಾವನ ಕಟ್ಟು ಬಿಚ್ಚಿದ. ಉಳಿ ಕೆಳಗೆಲ್ಲೋ ಬಿದ್ದುಹೋಗಿತ್ತು. ಕೊಡತಿಯ ಹಿಡಿಯನ್ನು ಮುದುಕನ ಬೆರಳುಗಳಿಂದ ಬಿಡಿಸುವಾಗ ಅದರ ತಲೆ ತೊಲೆಗೆ ತಾಗಿತು. ನೀರು ಕುಡಿದು ಸೀಳು ಮುಚ್ಚಿಕೊಂಡಿತ್ತು. ಹಸಿಮಣ್ಣಿಗೆ ಬಡಿದ ಹಾಗೆ ದೊಪ್ಪೆಂದಿತು, ಅಷ್ಟೆ.

*

ರೊವಿನ್ಯೊದಲ್ಲಿ ಮಣ್ಣು ಮಾಡಿದರು. ಇಗರ್ಜಿಯ ಗೋಪುರದ ತುದಿಯಲ್ಲಿ ತಾಮ್ರದ ತಾಯಿ ಯುಫೇಮಿಯಾ ಗಾಳಿಗೆ ಬೆನ್ನು ತಿರುಗಿಸಿ ನಿಂತಿದ್ದಳು. ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ಕೂತು ಮಾಲ್ವಸಿಯಾ ದ್ರಾಕ್ಷಿಮದ್ಯ ಕುಡಿಯುತ್ತ ಮಾತಾಡಿದರು. ಸಮುದ್ರದಲ್ಲಿ ಗೆದ್ದವರು ನಾವೇ, ಆದರೂ ವೆನಿಸ್ ಇಟಲಿಯವರಿಗೇ ಹೋಗುತ್ತದಂತೆ ಎಂದ ಒಬ್ಬ. ಹಾಗಾದರೆ ಗೆದ್ದದ್ದು ಯಾಕೆ ಎಂದು ಇನ್ನೊಬ್ಬ ಕೇಳಿದ. ಇನ್ನು ಮೇಲೆ ಹಡಗಿನಲ್ಲಿ ಮರವೇ ಇರುವುದಿಲ್ಲವಂತೆ, ಪೂರ್ತಿ ಕಬ್ಬಿಣವಂತೆ ಎಂದ ಮೂರನೆಯವನು. ಅದನ್ನು ಕೇಳಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು.

ಫೇಮಿಯಾ ಕೊಡತಿಯನ್ನು ಕಿಟಕಿಯ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟಿದ್ದಳು. ಅದು ದಿನದಿನಕ್ಕೆ ಒಣಗುತ್ತಿತ್ತು. ಒಂದು ಮಧ್ಯಾಹ್ನ ವೀದೊ ಊಟಕ್ಕೆ ಕೂತಾಗ ಅವಳು ಅದನ್ನು ತೆಗೆದು ಮೇಜಿನ ಅಂಚಿಗೆ ಮೆಲ್ಲಗೆ ಬಡಿದಳು. ಸೀಳು ಮತ್ತೆ ತೆರೆದುಕೊಂಡಿತ್ತು. ಗಂಟಲು ಕಟ್ಟಿದ ಗಂಟೆಯ ದನಿ ಅಡುಗೆಮನೆಯ ತುಂಬ ಹರಡಿತು. ವೀದೊನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಹೆದರಿದೆಯಾ?" ಎಂದಳು.

"ಇಲ್ಲ."

ಅವಳು ಎದುರು ಕೂತಳು. "ಮೆನೆಗೊ ಹೇಳಿದ, ಅಪ್ಪ ತಳದ ಸಂದು ಪೂರ್ತಿ ಮುಗಿಸಿದ್ರಂತೆ. ಒಂದು ಎಳೆ ಕೂಡ ಹೊರಗೆ ಬಂದಿರ್ಲಿಲ್ವಂತೆ."

"ಹೌದು."

"ಹಾಗಾದ್ರೆ ಎರಡು ಏಟು ಹಾಕಿರ್ತಾರೆ."

ವೀದೊ ಪೊಲೆಂತದ ತುಂಡನ್ನು ಮುರಿದ. ಬಾಯಿಗೆ ಇಟ್ಟುಕೊಳ್ಳಲಿಲ್ಲ.

"ಅಪ್ಪ ಹಾಕದೆ ಬಿಡೋರಲ್ಲ," ಎಂದಳು ಫೇಮಿಯಾ. "ಮನೆ ಕದ ರಿಪೇರಿ ಮಾಡಿದ್ರೂ ಎರಡು ಏಟು ಹಾಕಿ, ನಾನು ಒಳಗಿಂದ ಸೌಟಲ್ಲಿ ಎರಡು ಬಡಿಯೋ ತನಕ ಅಲ್ಲೇ ನಿಂತಿರ್ತಿದ್ರು. ಚಿಕ್ಕವಳಿದ್ದಾಗ ಬೇಕಂತಲೇ ಬಡೀದೆ ಸತಾಯಿಸ್ತಿದ್ದೆ. ಬಡಿಯೇ ಕತ್ತೆ, ನನ್ನ ಸೊಂಟ ಬಿದ್ದುಹೋಯ್ತು ಅಂತ ಬಯ್ಯೋರು." ಅವಳು ನಗಲು ಹೋದಳು, ಆಗಲಿಲ್ಲ. "ಆಚೆ ಕಡೆ ಯಾರಾದ್ರೂ ಇದ್ರಾ ವೀದೊ? ಯಾರಿಗಾದ್ರೂ ಕೇಳಿಸ್ತಾ?"

ಕಿಟಕಿಯ ಹೊರಗೆ ಹಡಗುಕಟ್ಟೆಯಿಂದ ಬೇರೆ ಕೊಡತಿಗಳ ಸದ್ದು ಬರುತ್ತಿತ್ತು. ಮುಂಚಿನಷ್ಟು ಇರಲಿಲ್ಲ. ಒಂದು ನಿಂತರೆ ನಡುವಿನ ಖಾಲಿ ಗೊತ್ತಾಗುತ್ತಿತ್ತು.

"ತೋಪು ಹಾರ್ತಿತ್ತು," ಎಂದ ವೀದೊ. "ಏನೂ ಕೇಳಿಸೋ ಹಾಗಿರ್ಲಿಲ್ಲ."

ಅವಳು ತಲೆಯಾಡಿಸಿದಳು. ಕೊಡತಿಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಯ ಅಂಚಿನಿಂದ ಒರೆಸಿ ಮತ್ತೆ ಕಿಟಕಿಯ ಮೇಲಿಟ್ಟಳು. ಅದು ಅಲ್ಲೇ ಇತ್ತು, ಅವರಿಬ್ಬರ ಕೂದಲು ನರೆಯುವವರೆಗೂ. ಅವಳು ಮತ್ತೆ ಕೇಳಲಿಲ್ಲ.

ಮಾವ ಎರಡು ಸಲ ಎರಡೆರಡು ಏಟು ಹಾಕಿದ್ದು ತನಗೆ ಕೇಳಿಸಿತ್ತು, ಕೈಯಲ್ಲಿ ಕಬ್ಬಿಣದ ಹಿಡಿ ಇತ್ತು, ತಾನು ಮರಳಿ ಬಡಿಯಲಿಲ್ಲ ಎಂಬುದನ್ನು ವೀದೊ ಅವಳಿಗೆ ಎಂದೂ ಹೇಳಲಿಲ್ಲ.